ಸೋಲಾರಿಸ್ 11.4ಕ್ಕೆ ಎಚ್‌ಎಪ್ರಾಕ್ಸಿ ಪ್ಯಾಕೇಜ್: ಬಿಲ್ಡ್ ಬಾಕ್ಸಿನಲ್ಲಿ ಕೂರುತ್ತದೆ, ಪ್ರೊಡಕ್ಷನ್‌ನಲ್ಲಿ ಕೂರುತ್ತಿಲ್ಲ

ಕಡೂರ್_ರೂಟ್:

ಎಲ್ಲರಿಗೂ ನಮಸ್ಕಾರ. ನಾನು ಹತ್ತು ವರ್ಷದಿಂದ ಲಿನಕ್ಸ್ ನೋಡಿಕೊಂಡು ಬಂದವನು, ಆರ್‌ಪಿಎಂ (ಲಿನಕ್ಸಿನ ಪ್ಯಾಕೇಜ್ ಪದ್ಧತಿ) ಸ್ಪೆಕ್ ಫೈಲ್ ನಿದ್ದೆಗಣ್ಣಲ್ಲೂ ಬರೆಯುತ್ತೇನೆ. ಆರು ತಿಂಗಳ ಹಿಂದೆ ಒಂದು ಬ್ಯಾಂಕಿನ ಪ್ರಾಜೆಕ್ಟಿಗೆ ಹಾಕಿದರು. ಅಲ್ಲಿರುವುದು ಸ್ಪಾರ್ಕ್ ಟಿ7 ಸರ್ವರ್ ಮೇಲೆ ಒರಾಕಲ್‌ನ ಯುನಿಕ್ಸ್, ಅಂದರೆ ಸೋಲಾರಿಸ್ 11.4. ಬರುವ ಕನೆಕ್ಷನ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಹಳೇ ಲೋಡ್ ಬ್ಯಾಲೆನ್ಸರ್ ಡಬ್ಬಿ ತೆಗೆದು ಅದರ ಜಾಗಕ್ಕೆ ಅದೇ ಕೆಲಸದ ಸಾಫ್ಟ್‌ವೇರ್ ಎಚ್‌ಎಪ್ರಾಕ್ಸಿ 2.8 ಹಾಕಬೇಕು ಅಂತ ತೀರ್ಮಾನ ಆಗಿದೆ. ಸೋರ್ಸ್ ಬಿಚ್ಚಿ ಬಿಲ್ಡ್ ಮಾಡಿ ಯೂಸರ್ ಲೋಕಲ್‌ನಲ್ಲಿ ಹಾಕಿ ಕೈತೊಳೆದುಕೊಳ್ಳಬಹುದಿತ್ತು, ಆದರೆ ಪ್ಯಾಕೇಜ್ ಲಿಸ್ಟಿನಲ್ಲಿ ಕಾಣದ ಬೈನರಿ ಸಿಕ್ಕಿದರೆ ಆಡಿಟ್‌ನವರು ಜೀವ ತಿನ್ನುತ್ತಾರೆ. ಹಾಗಾಗಿ ಸೋಲಾರಿಸ್ 11ರ ಸ್ವಂತ ಪ್ಯಾಕೇಜ್ ಪದ್ಧತಿ ಐಪಿಎಸ್‌ನ ಪ್ಯಾಕೇಜೇ ಮಾಡಬೇಕು.

ಬಿಲ್ಡ್ ಏನೂ ಕಷ್ಟ ಆಗಲಿಲ್ಲ, ನಿಜ ಹೇಳಬೇಕೆಂದರೆ ಆಶ್ಚರ್ಯ ಆಯಿತು. ಜಿಮೇಕ್‌ಗೆ ಟಾರ್ಗೆಟ್ ಸೋಲಾರಿಸ್ ಅಂತ ಕೊಟ್ಟರೆ ಎನ್‌ಎಸ್‌ಎಲ್, ಸಾಕೆಟ್ ಲೈಬ್ರರಿ ಎಲ್ಲ ಅದೇ ಸೇರಿಸಿಕೊಂಡಿತು. ಪ್ಯಾಕೇಜನ್ನೂ ಮಾಡಿದೆ: ಪಿಕೆಜಿಸೆಂಡ್ ಜನರೇಟ್ (ಫೈಲ್‌ಗಳ ಪಟ್ಟಿ, ಅಂದರೆ ಮ್ಯಾನಿಫೆಸ್ಟ್, ಮಾಡಲು), ಆಮೇಲೆ ಯಾವ ಬೇರೆ ಪ್ಯಾಕೇಜ್ ಬೇಕು ಅಂತ ಹುಡುಕಲು ಪಿಕೆಜಿಡಿಪೆಂಡ್ ಜನರೇಟ್, ಪಿಕೆಜಿಡಿಪೆಂಡ್ ರಿಸಾಲ್ವ್, ಕೊನೆಗೆ ಪಬ್ಲಿಷ್. ಬಿಲ್ಡ್ ಬಾಕ್ಸಿನಲ್ಲಿ ಇನ್‌ಸ್ಟಾಲ್ ಆಯಿತು, ಓಡಿತು. ಪ್ರೊಡಕ್ಷನ್‌ಗೆ ಹೋದರೆ ಗಜ ಉದ್ದದ ಎರರ್. ಸಾರಾಂಶ ಇಷ್ಟೇ: ಹೊಂದುವ ವರ್ಷನ್ ಇಲ್ಲ, ಸಿಸ್ಟಮ್ ಲೈಬ್ರರಿ 11.4.57 ಬೇಕು, ಅದು ಸಿಗುತ್ತಿಲ್ಲ. ಬಿಲ್ಡ್ ಬಾಕ್ಸ್ ಎಸ್‌ಆರ್‌ಯು (ಸೋಲಾರಿಸ್‌ಗೆ ಆಗಾಗ ಬರುವ ಅಪ್‌ಡೇಟ್) 57ರಲ್ಲಿದೆ, ಪ್ರೊಡಕ್ಷನ್ ಎಸ್‌ಆರ್‌ಯು 42ರಲ್ಲಿದೆ. ಮಾರ್ಚ್ ಎಂಡ್ ಮುಗಿಯುವವರೆಗೆ ಪ್ರೊಡಕ್ಷನ್ ಮುಟ್ಟುವ ಹಾಗಿಲ್ಲ, ಅಪ್‌ಡೇಟ್ ಮಾತು ಎತ್ತಿದರೆ ಮ್ಯಾನೇಜರ್ ಮುಖ ಸಿಂಡರಿಸುತ್ತಾರೆ.

ನಾನು ಎಲ್ಲೂ 57 ಅಂತ ಬರೆದಿಲ್ಲ! ಅದು ಎಲ್ಲಿಂದ ಬಂತು? ಇನ್ನೊಂದು ವಿಷಯ. ಆರ್‌ಪಿಎಂನಲ್ಲಿ ಪೋಸ್ಟ್ ಸ್ಕ್ರಿಪ್ಟ್ ಇರುತ್ತದಲ್ಲ, ಯೂಸರ್ ಸೇರಿಸಲು, ಡೈರೆಕ್ಟರಿ ಮಾಡಲು, ಸರ್ವಿಸ್ ಶುರು ಮಾಡಲು. ಇಲ್ಲಿ ಅದನ್ನು ಎಲ್ಲಿ ಬರೆಯಬೇಕು? ಮ್ಯಾನ್ ಪೇಜ್ ಎಲ್ಲ ತಡಕಾಡಿದೆ, ಸಿಗಲಿಲ್ಲ.

ಸ್ಪಾರ್ಕ್‌ಸೀನ:

57 ಬಂದಿದ್ದು ರಿಸಾಲ್ವ್ ಹಂತದಲ್ಲಿ ಗುರು. ನಿನ್ನ ಬೈನರಿಗೆ ಯಾವ ಲೈಬ್ರರಿ ಬೇಕು ಅಂತ ನೋಡಿ, ಬಿಲ್ಡ್ ಬಾಕ್ಸಿನಲ್ಲಿ ಆ ಫೈಲ್ ಯಾವ ಪ್ಯಾಕೇಜಿನದು ಅಂತ ಹುಡುಕಿ, ಅದರ ವರ್ಷನ್ ಸಮೇತ ಬರೆದುಬಿಡುತ್ತದೆ. ಸುಮ್ನೆ ಮ್ಯಾನಿಫೆಸ್ಟ್ ತಿದ್ದುವ ಪಿಕೆಜಿಮೊಗ್ರಿಫೈನಲ್ಲಿ ಒಂದು ಟ್ರಾನ್ಸ್‌ಫಾರ್ಮ್ (ತಿದ್ದುವ ನಿಯಮ) ಬರೆದು ಡಿಪೆಂಡ್ ಸಾಲುಗಳಲ್ಲಿ ಅಟ್ ಚಿಹ್ನೆಯ ನಂತರ ಬರುವ ವರ್ಷನ್ ಕತ್ತರಿಸಿ ಹಾಕು. ನಾನು ಮೂರು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ. ಇಲ್ಲದಿದ್ದರೆ ಬಿಲ್ಡ್ ಬಾಕ್ಸಿನಲ್ಲೇ ಎಸ್‌ಆರ್‌ಯು 42ರ ಒಂದು ಜೋನ್ (ಸಿಸ್ಟಮ್ ಒಳಗಿನ ಪ್ರತ್ಯೇಕ ಸಿಸ್ಟಮ್) ಮಾಡಿಕೊಂಡು ಅದರೊಳಗೆ ಬಿಲ್ಡ್ ಮಾಡು.

ಹಳೇ_ಯುನಿಕ್ಸು:

ಸೀನ, ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಪಿಕೆಜಿ (ಐಪಿಎಸ್‌ನ ಇನ್‌ಸ್ಟಾಲ್ ಕಮಾಂಡ್) ಸುಳ್ಳು ಹೇಳುತ್ತಿಲ್ಲ. ಸೋಲಾರಿಸ್‌ನಲ್ಲಿ ಹಳೇ ಬಿಡುಗಡೆಯ ಮೇಲೆ ಕಟ್ಟಿದ ಬೈನರಿ ಹೊಸದರ ಮೇಲೆ ಓಡುತ್ತದೆ, ಅದಕ್ಕೆ ಭರವಸೆ ಇದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡಲೇಬೇಕು ಅಂತ ಯಾರೂ ಮಾತು ಕೊಟ್ಟಿಲ್ಲ. ಲಿಬ್‌ಸಿ (ಎಲ್ಲ ಪ್ರೋಗ್ರಾಮ್‌ಗಳೂ ಬಳಸುವ ಮೂಲ ಲೈಬ್ರರಿ) ಒಳಗೆ ಸಿಂಬಲ್‌ಗಳಿಗೆ, ಅಂದರೆ ಫಂಕ್ಷನ್ ಹೆಸರುಗಳಿಗೆ, ವರ್ಷನ್ ಹೆಸರು ಇರುತ್ತದೆ. ಹೊಸ ಎಸ್‌ಆರ್‌ಯುನಲ್ಲಿ ಹೊಸದಾಗಿ ಬಂದ ಒಂದು ಫಂಕ್ಷನ್ ಅನ್ನು ಬಿಲ್ಡ್ ಸಮಯದಲ್ಲಿ ಕಂಡು ಅದನ್ನೇ ಬಳಸಿಕೊಂಡರೆ, ಹಳೇ ಬಾಕ್ಸಿನಲ್ಲಿ ಪ್ಯಾಕೇಜ್ ಸಲೀಸಾಗಿ ಕೂರುತ್ತದೆ, ಸರ್ವಿಸ್ ಶುರು ಮಾಡಿದಾಗ ರನ್‌ಟೈಮ್ ಲಿಂಕರ್ ಆ ವರ್ಷನ್ ಸಿಗಲಿಲ್ಲ ಅಂತ ಅಲ್ಲೇ ಕೊಂದು ಹಾಕುತ್ತದೆ. ಇನ್‌ಸ್ಟಾಲ್ ಮಾಡುವಾಗಲೇ ಗೊತ್ತಾಗಬೇಕಾದದ್ದು ರಾತ್ರಿ ಎರಡು ಗಂಟೆಗೆ ಗೊತ್ತಾದ ಹಾಗೆ. ಮೂರು ವರ್ಷ ಏನೂ ಆಗಿಲ್ಲ ಅಂದರೆ ನಿಮ್ಮ ಅದೃಷ್ಟ ಚೆನ್ನಾಗಿತ್ತು.

ಜೋನ್ ವಿಷಯಕ್ಕೂ ಒಂದು ತಿದ್ದುಪಡಿ. ಮಾಮೂಲಿ ಜೋನ್ ಗ್ಲೋಬಲ್ ಜೋನಿನ (ಅಂದರೆ ಮೂಲ ಸಿಸ್ಟಮಿನ) ಜೊತೆ ಹೆಜ್ಜೆ ಹಾಕಲೇಬೇಕು, ಕರ್ನಲ್ ಒಂದೇ ಅಲ್ವಾ, ಪಿಕೆಜಿ ಕೂಡ ಅವೆರಡನ್ನೂ ಕಟ್ಟಿಹಾಕಿಟ್ಟಿರುತ್ತದೆ. 57ರ ಬಾಕ್ಸಿನೊಳಗೆ 42ರ ಮಾಮೂಲಿ ಜೋನ್ ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಕರ್ನಲ್ ಜೋನ್. 11.2ರಲ್ಲಿ ಬಂತು, ಅದಕ್ಕೆ ತನ್ನದೇ ಕರ್ನಲ್ ಇರುತ್ತದೆ, ಹಾಗಾಗಿ ಬೇರೆ ಎಸ್‌ಆರ್‌ಯು ಹಾಕಬಹುದು. ಅಥವಾ ಒಂದು ಎಲ್‌ಡಾಮ್ (ಸ್ಪಾರ್ಕ್‌ನ ವರ್ಚುವಲ್ ಮೆಷಿನ್) ತೆಗೆದುಕೊಳ್ಳಿ.

ಕಡೂರಿನವರೇ, ನಿಮ್ಮ ಹತ್ತಿರ ಇರುವ ಬಾಕ್ಸ್‌ಗಳಲ್ಲಿ ಎಲ್ಲಕ್ಕಿಂತ ಹಳೇ ಎಸ್‌ಆರ್‌ಯು ಯಾವುದೋ ಅದರ ಮೇಲೆ ಬಿಲ್ಡ್ ಮಾಡಿ, ಅದರ ಮೇಲೇ ರಿಸಾಲ್ವ್ ಮಾಡಿ. ಡಿಪೆಂಡೆನ್ಸಿಯಲ್ಲಿ ಬರುವ ವರ್ಷನ್ 'ಇಷ್ಟಾದರೂ ಇರಬೇಕು' ಅನ್ನುವ ಅರ್ಥದ್ದು, 'ಇದೇ ಇರಬೇಕು' ಅಂತಲ್ಲ. 42ರಲ್ಲಿ ಕಟ್ಟಿದ ಪ್ಯಾಕೇಜ್ 57ರಲ್ಲಿ ತಂಟೆ ಇಲ್ಲದೆ ಕೂರುತ್ತದೆ. ಬಿಲ್ಡ್ ಆದ ಮೇಲೆ ಬೈನರಿಯ ಮೇಲೆ ಪಿವಿಎಸ್ ಓಡಿಸಿ ಆರ್ ಆಪ್ಷನ್ ಕೊಡಿ, ಯಾವ ಲೈಬ್ರರಿಯಿಂದ ಯಾವ ವರ್ಷನ್ ಬೇಕು ಅಂತ ಪಟ್ಟಿ ಕೊಡುತ್ತದೆ. ಒಮ್ಮೆ 42ರಲ್ಲಿ, ಒಮ್ಮೆ 57ರಲ್ಲಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿ.

ಈ ಭರವಸೆ ಎನ್‌ಕ್ರಿಪ್ಶನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ಗೆ ಇಲ್ಲ, ಅದು ನೆನಪಿರಲಿ. ಲಿಬ್‌ಸಿ ಥರ ಹಳೆಯದನ್ನು ಕೊನೇತನಕ ಕಾಪಾಡಿಕೊಂಡು ಬರುವ ಲೈಬ್ರರಿ ಅಲ್ಲ ಅದು. ಪಿಕೆಜಿ ಮೀಡಿಯೇಟರ್ ಅಂತ ಕೇಳಿದರೆ ಯಾವ ಓಪನ್‌ಎಸ್‌ಎಸ್‌ಎಲ್ ಮುಂದೆ ನಿಂತಿದೆ ಅಂತ ತೋರಿಸುತ್ತದೆ. ಬಿಲ್ಡ್ ಬಾಕ್ಸಿನಲ್ಲಿ ಒಂದು, ಪ್ರೊಡಕ್ಷನ್‌ನಲ್ಲಿ ಇನ್ನೊಂದು ಇದ್ದರೆ ಅಲ್ಲೂ ಮುಗ್ಗರಿಸುತ್ತೀರಿ. ಡಿಪೆಂಡೆನ್ಸಿಯನ್ನು ಮುಟ್ಟದೆ ಬಿಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಮುಂದೆ ಯಾರಾದರೂ ಆ ಹಳೇ ಓಪನ್‌ಎಸ್‌ಎಸ್‌ಎಲ್ ತೆಗೆದುಹಾಕಲು ಹೋದರೆ ಪಿಕೆಜಿ ಅಡ್ಡ ನಿಂತು 'ಇದನ್ನು ಎಚ್‌ಎಪ್ರಾಕ್ಸಿ ನಂಬಿಕೊಂಡಿದೆ' ಅನ್ನುತ್ತದೆ.

ಸ್ಪಾರ್ಕ್‌ಸೀನ:

ಜೋನ್ ಮಾತು ಒಪ್ಪಿದೆ, ನಾನು ಬರೆಯುವಾಗ ಕರ್ನಲ್ ಜೋನ್ ಅನ್ನುವುದನ್ನು ನುಂಗಿಬಿಟ್ಟೆ. ಟ್ರಾನ್ಸ್‌ಫಾರ್ಮ್ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ನಂದು ಪರ್ಲ್ ಸ್ಕ್ರಿಪ್ಟ್‌ಗಳ ಪ್ಯಾಕೇಜ್, ಬೈನರಿ ಇಲ್ಲ. ಅದಕ್ಕೇ ಬಚಾವಾಗಿದ್ದೇನೆ ಅನ್ನಿಸುತ್ತದೆ.

ಮರಳುಗಾಡಿನ_ಗೌಡ:

ಪೋಸ್ಟ್ ಸ್ಕ್ರಿಪ್ಟ್ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಐಪಿಎಸ್‌ನಲ್ಲಿ ಅದು ಇಲ್ಲ. ಎಲ್ಲೋ ಬಚ್ಚಿಟ್ಟಿದ್ದಾರೆ ಅಂತ ಹುಡುಕಬೇಡಿ, ಬೇಕಂತಲೇ ಬಿಟ್ಟಿದ್ದಾರೆ. ನನಗೂ ಮೊದಲು ಇವರಿಗೆ ತಲೆ ಕೆಟ್ಟಿದೆಯಾ ಅನ್ನಿಸಿತ್ತು. ಯಾಕೆ ಬಿಟ್ಟರು ಅನ್ನುವುದು ನನಗೆ ಅರ್ಥ ಆಗಿದ್ದು ಕೈ ಸುಟ್ಟುಕೊಂಡ ಮೇಲೆ, ಅದೂ ಹಳೇ ಸೋಲಾರಿಸ್ 10ರಲ್ಲಿ.

ಆಗ ನಾನು ಮಸ್ಕತ್‌ಗೆ ಬಂದು ಒಂದು ವರ್ಷ ಆಗಿತ್ತು ಅಷ್ಟೇ. ಆ ಕಾಲದ ಪ್ಯಾಕೇಜ್ ಅಂದರೆ ಎಸ್‌ವಿಆರ್4: ಪ್ರೋಟೋಟೈಪ್ ಅಂತ ಒಂದು ಫೈಲ್, ಪಿಕೆಜಿಇನ್ಫೋ ಅಂತ ಇನ್ನೊಂದು, ಪಿಕೆಜಿಎಂಕೆ ಓಡಿಸಿ ಪಿಕೆಜಿಟ್ರಾನ್ಸ್ ಮಾಡಿದರೆ ಆಯಿತು. ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್ ಬೇಕಾದಷ್ಟು ಉದ್ದ ಬರೆಯಬಹುದಿತ್ತು, ನಾನು ಬರೆದೂ ಇದ್ದೆ. ಅಪಾಚಿಯ ಹೊಸ ಪ್ಯಾಕೇಜ್ ನನ್ನದು. ಸ್ಕ್ರಿಪ್ಟ್ ಏನು ಮಾಡುತ್ತಿತ್ತು ಅಂದರೆ ಇಟಿಸಿ ಕೆಳಗಿನ ಹಳೇ ಕಾನ್ಫಿಗ್ ಎತ್ತಿ ಪಕ್ಕಕ್ಕಿಟ್ಟು, ಹೊಸದು ಹಾಕಿ, ಸರ್ವಿಸ್ ಒಮ್ಮೆ ನಿಲ್ಲಿಸಿ ಶುರು ಮಾಡುತ್ತಿತ್ತು. ನನ್ನ ಟೆಸ್ಟ್ ಬಾಕ್ಸಿನಲ್ಲಿ ಚೆನ್ನಾಗೇ ಓಡಿತು. ಇನ್ನೊಬ್ಬ ಅಡ್ಮಿನ್ ಅದನ್ನು ಲೈವ್ ಅಪ್‌ಗ್ರೇಡ್‌ಗೆ ಬಳಸಿದರು. ಅಂದರೆ ಓಡುತ್ತಿರುವ ಸಿಸ್ಟಮ್ ಮುಟ್ಟದೆ, ಪಕ್ಕದ ಡಿಸ್ಕಿನಲ್ಲಿ ಅದರದೇ ಒಂದು ನಕಲು ಮಾಡಿಕೊಂಡು, ಪಿಕೆಜಿಆ್ಯಡ್‌ಗೆ ದೊಡ್ಡ ಆರ್ ಆಪ್ಷನ್ ಕೊಟ್ಟು ಆ ನಕಲಿಗೆ ಪ್ಯಾಕೇಜ್ ಹಾಕುವುದು, ರಾತ್ರಿ ರೀಬೂಟ್ ಮಾಡಿ ಅದರ ಕಡೆ ಹೊರಳುವುದು. ಅವರು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಫೈಲ್‌ಗಳೆಲ್ಲ ನಕಲಿಗೇ ಹೋದವು. ನನ್ನ ಸ್ಕ್ರಿಪ್ಟ್ ಮಾತ್ರ ಪಾಥ್‌ನ ಮುಂದೆ ಪಿಕೆಜಿ ಇನ್‌ಸ್ಟಾಲ್ ರೂಟ್ ಅನ್ನುವ ವೇರಿಯಬಲ್ ಹಾಕಿರಲಿಲ್ಲ, ನೇರ ಇಟಿಸಿ ಅಂತ ಬರೆದಿದ್ದೆ. ಮಟಮಟ ಮಧ್ಯಾಹ್ನ ಓಡುತ್ತಿದ್ದ ಸಿಸ್ಟಮಿನ ಕಾನ್ಫಿಗ್ ಎದ್ದುಹೋಯಿತು, ಸರ್ವಿಸ್ ನಿಂತು ಖಾಲಿ ಪುಟದ ಜೊತೆ ಎದ್ದಿತು. ಫೋನ್ ಮೇಲೆ ಫೋನ್. ಆ ಅಡ್ಮಿನ್ 'ನಾನೇನೂ ಮುಟ್ಟಿಲ್ಲ' ಅಂತ ಆಣೆ ಮಾಡುತ್ತಿದ್ದರು, ಪಾಪ, ನಿಜಕ್ಕೂ ಮುಟ್ಟಿರಲಿಲ್ಲ.

ಸೋಲಾರಿಸ್ 11ರಲ್ಲಿ ಅದೇ ಪಕ್ಕದ ನಕಲು ಎಲ್ಲದಕ್ಕೂ ಬುಡ ಆಯಿತು, ಬೂಟ್ ಎನ್ವಿರಾನ್‌ಮೆಂಟ್ ಅನ್ನುತ್ತಾರೆ. ಸಿಸ್ಟಮ್ ಅಪ್‌ಡೇಟ್ ಹೊಡೆದರೆ ಜಡ್‌ಎಫ್‌ಎಸ್ ಕ್ಲೋನ್ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡುತ್ತದೆ. ಅಂದಮೇಲೆ ಪ್ಯಾಕೇಜ್ ಕೂರುವ ಸಿಸ್ಟಮ್ ಆ ಹೊತ್ತಿಗೆ ಓಡುತ್ತಲೇ ಇಲ್ಲದಿರಬಹುದು. ಓಡದ ಸಿಸ್ಟಮಿನಲ್ಲಿ ಸ್ಕ್ರಿಪ್ಟ್ ಯಾವ ಸರ್ವಿಸ್ ಶುರು ಮಾಡಬೇಕು ಹೇಳಿ? ಅದಕ್ಕೇ 'ಏನು ಮಾಡು' ಅಂತ ಹೇಳುವ ಹಾಗಿಲ್ಲ, 'ಏನು ಇರಬೇಕು' ಅಂತ ಮಾತ್ರ ಬರೆಯಬೇಕು. ಯೂಸರ್ ಬೇಕಾ, ಮ್ಯಾನಿಫೆಸ್ಟಿನಲ್ಲಿ ಗ್ರೂಪ್ ಅಂತ ಒಂದು ಸಾಲು, ಯೂಸರ್ ಅಂತ ಒಂದು ಸಾಲು. ಖಾಲಿ ಡೈರೆಕ್ಟರಿ ಬೇಕಾ, ಡಿರ್ ಅಂತ ಒಂದು ಸಾಲು, ಓನರ್ ಮೋಡ್ ಸಮೇತ. ಕಾನ್ಫಿಗ್ ಫೈಲಿಗೆ ಪ್ರಿಸರ್ವ್ ಅಂತ ಗುರುತು ಹಾಕಿದರೆ ಅಪ್‌ಗ್ರೇಡ್ ಸಮಯದಲ್ಲಿ ನಿಮ್ಮ ತಿದ್ದುಪಡಿ ಉಳಿಯುತ್ತದೆ. ಸರ್ವಿಸ್‌ನ ಎಕ್ಸ್‌ಎಂಎಲ್ ಅನ್ನು ಲಿಬ್ ಎಸ್‌ವಿಸಿ ಮ್ಯಾನಿಫೆಸ್ಟ್ ಸೈಟ್ ಒಳಗೆ ಇಟ್ಟು, ಆ ಸಾಲಿಗೆ ಮ್ಯಾನಿಫೆಸ್ಟ್ ಇಂಪೋರ್ಟ್ ಸರ್ವಿಸ್ ಅನ್ನು ರೀಸ್ಟಾರ್ಟ್ ಮಾಡು ಅಂತ ರೀಸ್ಟಾರ್ಟ್ ಎಫ್‌ಎಂಆರ್‌ಐ (ಎಫ್‌ಎಂಆರ್‌ಐ ಅಂದರೆ ಸರ್ವಿಸ್‌ನ ಪೂರ್ತಿ ಹೆಸರು) ಸೇರಿಸಿದರೆ ಮುಗಿಯಿತು. ಸಿಸ್ಟಮ್ ಓಡುತ್ತಿದ್ದರೆ ಆಗಲೇ ಆಗುತ್ತದೆ, ಇಲ್ಲದಿದ್ದರೆ ಮುಂದಿನ ಬೂಟ್‌ನಲ್ಲಿ ತಾನೇ ಓದಿಕೊಳ್ಳುತ್ತದೆ.

ಎಚ್‌ಎಪ್ರಾಕ್ಸಿಗೆ ಈ ಪದ್ಧತಿ ಹೇಳಿ ಮಾಡಿಸಿದ ಹಾಗಿದೆ. ಎಫ್ ಆಪ್ಷನ್‌ಗೆ ಫೈಲ್ ಬದಲು ಡೈರೆಕ್ಟರಿ ಕೊಡಬಹುದು, ಅದರೊಳಗಿನ ಸಿಎಫ್‌ಜಿ ಫೈಲ್‌ಗಳನ್ನು ಹೆಸರಿನ ಕ್ರಮದಲ್ಲಿ ಓದಿಕೊಳ್ಳುತ್ತದೆ. ನಾವು ಮುಖ್ಯ ಪ್ಯಾಕೇಜಿನಲ್ಲಿ ಗ್ಲೋಬಲ್ ಭಾಗ ಮಾತ್ರ ಇಡುತ್ತೇವೆ. ಒಂದೊಂದು ಆ್ಯಪ್ ಟೀಮಿಗೂ ಒಂದೊಂದು ಚಿಕ್ಕ ಪ್ಯಾಕೇಜ್, ಅದರಲ್ಲಿ ಅವರ ಒಂದೇ ಒಂದು ತುಂಡು ಫೈಲ್, ಅದಕ್ಕೆ ರಿಫ್ರೆಶ್ ಎಫ್‌ಎಂಆರ್‌ಐ ಅಂತ ಎಚ್‌ಎಪ್ರಾಕ್ಸಿ ಸರ್ವಿಸ್‌ನ ಹೆಸರು. ಪ್ಯಾಕೇಜ್ ಹಾಕಿದರೆ ಸರ್ವಿಸ್ ತಾನೇ ರೀಲೋಡ್, ತೆಗೆದರೂ ರೀಲೋಡ್. ಸ್ಕ್ರಿಪ್ಟ್ ಒಂದು ಸಾಲೂ ಇಲ್ಲ.

ಕಡೂರ್_ರೂಟ್:

ಗೌಡ್ರೇ, ಕಥೆ ಓದಿ ಬೆವರು ಬಂತು, ನಾನೂ ಅದೇ ಥರ ಸ್ಕ್ರಿಪ್ಟ್ ಬರೆಯುವ ಗಿರಾಕಿ. ಯುನಿಕ್ಸು ಸಾರ್, ಕರ್ನಲ್ ಜೋನ್ ಮಾಡಿ 42ರಲ್ಲಿ ಬಿಲ್ಡ್ ಮಾಡಿದೆ. ಇವತ್ತು ಹೊಸ ತಲೆನೋವು ಎರಡು.

ಒಂದು: ಇನ್‌ಸ್ಟಾಲ್ ಮಾಡಲು ಹೋದರೆ ಆಪ್ಟ್ ಡೈರೆಕ್ಟರಿಗೆ ಬೇರೆ ಬೇರೆ ಪ್ಯಾಕೇಜ್ ಬೇರೆ ಬೇರೆ ಗುಣ ಹೇಳುತ್ತಿವೆ ಅಂತ ಜಗಳ. ಎರಡು: ಸರ್ವಿಸ್ ಶುರುವಾಗುತ್ತದೆ, ಒಂದು ನಿಮಿಷ ಚೆನ್ನಾಗಿ ಓಡುತ್ತದೆ, ಪೋರ್ಟಿಗೆ ಕರ್ಲ್ ಹೊಡೆದರೆ ಉತ್ತರವೂ ಬರುತ್ತದೆ, ಆಮೇಲೆ ಸಾಯುತ್ತದೆ. ಮತ್ತೆ ಎದ್ದು ಮತ್ತೆ ಒಂದು ನಿಮಿಷ. ಕೊನೆಗೆ ಮೇಂಟೆನೆನ್ಸ್‌ಗೆ ಹೋಗಿ ಮಲಗುತ್ತದೆ. ಎಚ್‌ಎಪ್ರಾಕ್ಸಿ ಲಾಗ್‌ನಲ್ಲಿ ಏನೂ ತಪ್ಪಿಲ್ಲ. ಲಿನಕ್ಸಿನಲ್ಲಿ ಸರ್ವಿಸ್ ನೋಡಿಕೊಳ್ಳುವ ಸಿಸ್ಟಂಡಿಯ ಫೈಲ್‌ನಿಂದ ಸಾಲು ಎತ್ತಿದ್ದೆ, ಡಬ್ಲ್ಯು (ಒಂದು ಮಾಸ್ಟರ್ ಪ್ರೊಸೆಸ್, ಅದರ ಕೆಳಗೆ ವರ್ಕರ್ ಅನ್ನುವ ಆಪ್ಷನ್) ಜೊತೆಗಿದ್ದ ಎಸ್ ತೆಗೆದು ಬರೀ ಡಬ್ಲ್ಯು ಇಟ್ಟಿದ್ದೇನೆ.

ನೈಟ್‌ಶಿಫ್ಟ್_ನಾಣಿ:

ಮೊದಲನೆಯದು ಸುಲಭ. ಪ್ಯಾಕೇಜಿಗೆ ಹಾಕಲು ಫೈಲ್ ಜೋಡಿಸಿಟ್ಟ ನಿಮ್ಮ ಪ್ರೋಟೋ ಡೈರೆಕ್ಟರಿಯಲ್ಲಿದ್ದ ಆಪ್ಟ್, ಇಟಿಸಿ, ವಾರ್ ಎಲ್ಲವನ್ನೂ ಪಿಕೆಜಿಸೆಂಡ್ ಜನರೇಟ್ ಹಾಗೆ ಹಾಗೇ ಎತ್ತಿಕೊಂಡಿದೆ. ಅವು ಸಿಸ್ಟಮ್‌ನ ಡೈರೆಕ್ಟರಿಗಳು, ರೂಟ್ ಮತ್ತು ಸಿಸ್ ಗ್ರೂಪಿನವು, ಅವಕ್ಕೆ ನೀವು ಬೇರೆ ಗ್ರೂಪ್ ಹೇಳಿದರೆ ಪಿಕೆಜಿ ಒಪ್ಪಲ್ಲ. ಟ್ರಾನ್ಸ್‌ಫಾರ್ಮ್ ಬರೆದು ಆ ಸಾಲುಗಳನ್ನು ಡ್ರಾಪ್ ಮಾಡಿ, ನಿಮ್ಮದೇ ಅಂತ ಇರುವ ಡೈರೆಕ್ಟರಿ ಮಾತ್ರ ಉಳಿಸಿ. ಸೀನಣ್ಣನ ಕತ್ತರಿ ಇಲ್ಲಿ ಬಳಸಬಹುದು, ತಪ್ಪಿಲ್ಲ.

ಎರಡನೆಯದು ನೋಡಿ ನಗು ಬಂತು, ಬೇಜಾರು ಮಾಡ್ಕೋಬೇಡಿ, ಎಲ್ಲರೂ ಇಲ್ಲಿ ಒಮ್ಮೆ ಬಿದ್ದವರೇ. ಎಸ್‌ವಿಸಿಎಸ್‌ಗೆ ಎಕ್ಸ್‌ವಿ ಕೊಟ್ಟರೆ ಲಾಗ್ ಫೈಲಿನ ಹೆಸರು ಹೇಳುತ್ತದೆ, ವಾರ್ ಎಸ್‌ವಿಸಿ ಲಾಗ್ ಒಳಗಿರುತ್ತದೆ. ಅಲ್ಲಿ ಮೆಥಡ್ ಟೈಮ್ ಔಟ್ ಆಯಿತು, ಕಾಂಟ್ರಾಕ್ಟ್ ಕೊಲ್ಲುತ್ತಿದ್ದೇನೆ ಅಂತ ಬರೆದಿರುತ್ತದೆ ನೋಡಿ. ಮೆಥಡ್ ಅಂದರೆ ಸರ್ವಿಸ್ ಶುರು ಮಾಡುವ, ನಿಲ್ಲಿಸುವ ಕಮಾಂಡ್, ಕಾಂಟ್ರಾಕ್ಟ್ ಅಂದರೆ ಆ ಸರ್ವಿಸ್‌ನ ಪ್ರೊಸೆಸ್‌ಗಳ ಗುಂಪು. ನಿಮ್ಮ ಎಕ್ಸ್‌ಎಂಎಲ್‌ನಲ್ಲಿ ಟೈಮ್ ಔಟ್ 60 ಸೆಕೆಂಡ್ ಇಟ್ಟಿರುತ್ತೀರಿ. ಬರೀ ಡಬ್ಲ್ಯು ಕೊಟ್ಟರೆ ಎಚ್‌ಎಪ್ರಾಕ್ಸಿ ಹಿಂದಕ್ಕೆ ಹೋಗುವುದಿಲ್ಲ, ಮುಂದೆಯೇ ಕೂತಿರುತ್ತದೆ. ಸೋಲಾರಿಸ್‌ನಲ್ಲಿ ಸರ್ವಿಸ್ ನೋಡಿಕೊಳ್ಳುವ ಎಸ್‌ಎಂಎಫ್ ಮಾಮೂಲಿ ಸರ್ವಿಸ್‌ನಲ್ಲಿ ಸ್ಟಾರ್ಟ್ ಮೆಥಡ್ ವಾಪಸ್ ಬರಲಿ, ಆಗ ಶುರುವಾಯಿತು ಅಂತ ಬರೆದುಕೊಳ್ಳುತ್ತೇನೆ ಅಂತ ಕಾಯುತ್ತದೆ. ಒಂದು ನಿಮಿಷ ಕಾದು, ಇದು ಸಿಕ್ಕಿಹಾಕಿಕೊಂಡಿದೆ ಅಂದುಕೊಂಡು ಕೊಲ್ಲುತ್ತದೆ. ದಾರಿ ಎರಡು. ಡಬ್ಲ್ಯು ಜೊತೆ ದೊಡ್ಡ ಡಿ (ಹಿಂದಕ್ಕೆ ಹೋಗು ಅನ್ನುವ ಆಪ್ಷನ್) ಸೇರಿಸಿ, ಪಿಐಡಿ ಫೈಲ್ ಕೊಡಿ. ಇಲ್ಲಾ ಸರ್ವಿಸ್‌ನ ಡ್ಯುರೇಶನ್ ಅನ್ನು ಚೈಲ್ಡ್ ಅಂತ ಮಾಡಿ. ನಾನು ಮೊದಲನೆಯದೇ ಮಾಡುತ್ತೇನೆ, ರೀಲೋಡ್‌ಗೆ ಪಿಐಡಿ ಫೈಲ್ ಹೇಗೂ ಬೇಕು. ರಿಫ್ರೆಶ್ ಮೆಥಡ್‌ನಲ್ಲಿ ಕೋಲನ್ ಕಿಲ್ ಅನ್ನುವ ಎಸ್‌ಎಂಎಫ್‌ನ ಶಾರ್ಟ್‌ಕಟ್ ಬಳಸಬೇಡಿ. ಅದು ಕಾಂಟ್ರಾಕ್ಟಿನಲ್ಲಿರುವ ಎಲ್ಲ ಪ್ರೊಸೆಸ್‌ಗೂ ಸಿಗ್ನಲ್ ಕಳಿಸುತ್ತದೆ, ನಮಗೆ ಯುಎಸ್‌ಆರ್2 ಹೋಗಬೇಕಾದದ್ದು ಮಾಸ್ಟರ್ ಒಂದಕ್ಕೇ.

ಯೂಸರ್ ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಅದೇ ಪ್ರಶ್ನೆ ಬರುತ್ತದೆ. ಮೆಥಡ್ ಕ್ರೆಡೆನ್ಶಿಯಲ್‌ನಲ್ಲಿ ಎಚ್‌ಎಪ್ರಾಕ್ಸಿ ಯೂಸರ್ ಹಾಕಿ ನೆಟ್ ಪ್ರಿವ್‌ಅಡ್ರ್ ಪ್ರಿವಿಲೇಜ್ ಕೊಟ್ಟರೆ 443ನೇ ಪೋರ್ಟ್ ಸಿಗುತ್ತದೆ, ರೂಟ್ ಬೇಕಿಲ್ಲ, ಆಡಿಟ್‌ನವರಿಗೂ ಖುಷಿ. ಆದರೆ ಕಾನ್ಫಿಗ್‌ನಲ್ಲಿ ಚ್ರೂಟ್ (ಪ್ರೊಸೆಸ್ಸನ್ನು ಒಂದು ಡೈರೆಕ್ಟರಿಯೊಳಗೆ ಕೂಡಿಹಾಕುವ) ಸಾಲು ಹಾಗೇ ಉಳಿದಿದ್ದರೆ ಮುಗ್ಗರಿಸುತ್ತದೆ, ಅದಕ್ಕೆ ಬೇರೆ ಪ್ರಿವಿಲೇಜ್ ಬೇಕು. ಒಂದೋ ರೂಟ್ ಆಗಿ ಶುರು ಮಾಡಿ, ಕೆಳಗಿಳಿಯುವುದನ್ನು ಎಚ್‌ಎಪ್ರಾಕ್ಸಿಗೇ ಬಿಡಿ, ಇಲ್ಲಾ ಪೂರ್ತಿ ಎಸ್‌ಎಂಎಫ್‌ಗೆ ಬಿಟ್ಟು ಕಾನ್ಫಿಗ್‌ನಿಂದ ಯೂಸರ್, ಗ್ರೂಪ್, ಚ್ರೂಟ್ ತೆಗೆಯಿರಿ. ಅದಿಷ್ಟು ಇದಿಷ್ಟು ಮಾಡಿದರೆ ಎರಡೂ ಇಲ್ಲ.

ಇನ್ನೊಂದು ನನ್ನ ಶಿಫ್ಟಿನಲ್ಲೇ ಆದದ್ದು. ರೀಲೋಡ್ ಆದ ಮೇಲೆ ಹಳೇ ವರ್ಕರ್ ತನ್ನ ಕನೆಕ್ಷನ್‌ಗಳು ಮುಗಿಯುವವರೆಗೆ ಬದುಕಿರುತ್ತದೆ. ಉದ್ದದ ಕನೆಕ್ಷನ್ ಇದ್ದರೆ ಗಂಟೆಗಟ್ಟಲೆ. ಪಿಎಸ್‌ನಲ್ಲಿ ಅದು ಕಂಡು ನಮ್ಮ ಹುಡುಗನೊಬ್ಬ 'ಇದು ಯಾವುದೋ ಹಳೇ ಪ್ರೊಸೆಸ್' ಅಂತ ಕಿಲ್ 9 ಹೊಡೆದ. ಹೊರಗಿನವರು ಕಾಂಟ್ರಾಕ್ಟಿನ ಒಂದು ಪ್ರೊಸೆಸ್ ಕೊಂದರೆ ಎಸ್‌ಎಂಎಫ್ ಅದನ್ನು ಅಪಘಾತ ಅಂದುಕೊಂಡು ಇಡೀ ಸರ್ವಿಸ್ ಎತ್ತಿ ಕುಕ್ಕುತ್ತದೆ. ಹೊಸದು, ಹಳೆಯದು, ಎಲ್ಲ ಕನೆಕ್ಷನ್ ಢಮಾರ್. ಸ್ಟಾರ್ಟ್‌ಡಿ ಗುಂಪಿನಲ್ಲಿ ಇಗ್ನೋರ್ ಎರರ್ ಅಂತ ಒಂದು ಪ್ರಾಪರ್ಟಿ ಇದೆ, ಅಲ್ಲಿ ಕೋರ್, ಸಿಗ್ನಲ್ ಎರಡೂ ಹಾಕಬಹುದು. ಜೊತೆಗೆ ಎಚ್‌ಎಪ್ರಾಕ್ಸಿಯಲ್ಲಿ ಹಾರ್ಡ್ ಸ್ಟಾಪ್ ಆಫ್ಟರ್ ಇಟ್ಟರೆ ಹಳೇ ವರ್ಕರ್ ಹೇಳಿದ ಹೊತ್ತಿಗೆ ತಾನೇ ಹೋಗುತ್ತದೆ, ಯಾರೂ ಕೊಲ್ಲಬೇಕಿಲ್ಲ.

ಹಳೇ_ಯುನಿಕ್ಸು:

ನಾಣಿ ಹೇಳಿದ್ದಕ್ಕೆ ಸಣ್ಣ ಬಾಲ. ಪ್ಯಾಕೇಜ್ ವರ್ಷನ್ ಬರೆಯುವಾಗ ಐಪಿಎಸ್‌ಗೆ ಚುಕ್ಕಿ ಇಟ್ಟ ಅಂಕಿಗಳು ಮಾತ್ರ ಗೊತ್ತು. ಅಕ್ಷರ ಬಂದರೆ ಬೇಡ ಅನ್ನುತ್ತದೆ, ಅಂಕಿಯ ಮುಂದೆ ಸೊನ್ನೆ ಇದ್ದರೂ ಬೇಡ ಅನ್ನುತ್ತದೆ. ನಾಳೆ ನೀವೇ ಓಪನ್‌ಎಸ್‌ಎಸ್‌ಎಲ್ 1.1.1ಕೆ ಥರದ್ದು ಕಟ್ಟಲು ಹೋದರೆ ಕೆ ಅನ್ನುವುದನ್ನು 11 ಮಾಡಿ 1.1.1.11 ಅಂತ ಬರೆಯಬೇಕು. ಜೋನ್‌ಗಳಿಗೆ ರೆಪೊ ಬೇರೆಬೇರೆ ಮೌಂಟ್ ಮಾಡಿ ಕೊಡಬೇಕಾಗಿಲ್ಲ, ಗ್ಲೋಬಲ್ ಜೋನಿನಲ್ಲಿ ಪಬ್ಲಿಷರ್ (ಪ್ಯಾಕೇಜ್ ಎಲ್ಲಿಂದ ತರಬೇಕು ಅನ್ನುವುದು) ಸೇರಿಸಿದರೆ ಸಿಸ್ಟಮ್ ರೆಪೊಸಿಟರಿ ಸರ್ವಿಸ್ ಮೂಲಕ ಮಾಮೂಲಿ ಜೋನ್‌ಗಳಿಗೂ ಸಿಗುತ್ತದೆ.

ಕಡೂರ್_ರೂಟ್:

ದೊಡ್ಡ ಡಿ ಸೇರಿಸಿದೆ, ನಿಂತಿದೆ. ನಾಲ್ಕು ಗಂಟೆ ಆಯಿತು, ಸತ್ತಿಲ್ಲ. ಎಚ್‌ಎಪ್ರಾಕ್ಸಿಗೆ ವಿವಿ ಕೊಟ್ಟು ನೋಡಿದೆ, ಪೋಲಿಂಗ್ (ಕನೆಕ್ಷನ್‌ಗಳ ಮೇಲೆ ಕಣ್ಣಿಡುವ ವಿಧಾನ) ಪಟ್ಟಿಯಲ್ಲಿ ಸೋಲಾರಿಸ್‌ನದೇ ಆದ ಇವಿಪೋರ್ಟ್ಸ್ ಕೂಡ ಕಾಣಿಸುತ್ತಿದೆ, ಬರೀ ಪೋಲ್ ಮೇಲೆ ಓಡುತ್ತದೇನೋ ಅಂತ ಭಯ ಇತ್ತು. ಪಿವಿಎಸ್ ಪಟ್ಟಿ ಎರಡೂ ಕಡೆಯದು ಪಕ್ಕಪಕ್ಕ ಇಟ್ಟೆ. ಯುನಿಕ್ಸು ಸಾರ್ ಹೇಳಿದ ಹಾಗೆಯೇ, 57ರಲ್ಲಿ ಕಟ್ಟಿದ್ದಕ್ಕೆ ಲಿಬ್‌ಸಿಯಿಂದ ಒಂದು ಸಾಲು ಜಾಸ್ತಿ ಬೇಕಿತ್ತು, 42ರ ಲಿಬ್‌ಸಿಯಲ್ಲಿ ಅದು ಇಲ್ಲವೇ ಇಲ್ಲ. ಕತ್ತರಿ ಹಾಕಿ ಕೂರಿಸಿದ್ದರೆ ಮಾರ್ಚ್ 31ಕ್ಕೆ ಗೊತ್ತಾಗುತ್ತಿತ್ತೇನೋ.

ಪ್ಯಾಕೇಜ್ ಒಂದೇ ಫೈಲ್ ಮಾಡಿ ಚೇಂಜ್ ಟಿಕೆಟ್‌ಗೆ ಅಂಟಿಸಿ ಅಂದಿದ್ದಾರೆ. ಪಿಕೆಜಿರೆಸೀವ್‌ಗೆ ಎ ಆಪ್ಷನ್ ಕೊಟ್ಟು ಪಿ5ಪಿ ಮಾಡಿದರೆ ಸಾಕು ತಾನೇ?

ಮರಳುಗಾಡಿನ_ಗೌಡ:

ಸಾಕು. ಇನ್‌ಸ್ಟಾಲ್ ಮಾಡುವಾಗ ಜಿ ಆಪ್ಷನ್‌ಗೆ ಆ ಫೈಲ್ ತೋರಿಸಿ. ಅದಕ್ಕೂ ಮೊದಲು ಎನ್‌ವಿ ಹಾಕಿ ಒಮ್ಮೆ ಸುಳ್ಳುಸುಳ್ಳೇ ಓಡಿಸಿ, ಹೊಸ ಬೂಟ್ ಎನ್ವಿರಾನ್‌ಮೆಂಟ್ ಮಾಡುತ್ತದಾ ಇಲ್ಲವಾ ಅಂತ ಅದೇ ಹೇಳುತ್ತದೆ. ಟಿಕೆಟ್‌ನಲ್ಲಿ ಆ ಔಟ್‌ಪುಟ್ಟನ್ನೂ ಅಂಟಿಸಿ, ಅಪ್ರೂವಲ್ ಕೊಡುವವರು ಎರಡನೇ ಸಲ ಕೇಳಲ್ಲ.